ದಿಕ್ಕಿಲ್ಲದವರ ಛತ್ರ

ಮಾಗಿಯ ಚಳಿ, ದೀಪ ಹಚ್ಚುವ ಹೊತ್ತು. ನಾನು ಗಂಜಿ ಬಡಿಸುತ್ತಿದ್ದ ಛತ್ರದ ಬಾಗಿಲಿಗೆ ಅವಳು ಬಂದು ನಿಂತಳು. ಬೋಳು ಹಣೆ, ಬರಿಗೈ. ಅದು ದಿಕ್ಕಿಲ್ಲದವರ ಛತ್ರ. ನಮ್ಮವರು ಅನ್ನುವವರು ಒಬ್ಬರಿದ್ದರೂ ಸೇರಿಸುತ್ತಿರಲಿಲ್ಲ. ಸುಳ್ಳು ಹೇಳಿ ಸೇರಿದವರನ್ನು ತಿಳಿದ ಹೊತ್ತೇ ಆಚೆಗೆ ಹಾಕುತ್ತಿದ್ದರು.

“ಯಾರೂ ಇಲ್ಲವೇನಮ್ಮಾ?” ಎಂದರು ಪಾರುಪತ್ತೇದಾರರು.

“ಗಂಡ ಸತ್ತ ಬುದ್ಧೀ. ಇನ್ಯಾರವ್ರೆ ನಂಗೆ?”

ಎರಡು ದಿನ ಬಿಟ್ಟು ಗಂಡಸರ ಕಡೆಗೆ ಕೆಮ್ಮುವ ಮುದುಕನೊಬ್ಬ ಬಂದ. ಹೆಂಗಸರಿಗೂ ಗಂಡಸರಿಗೂ ನಡುವೆ ಆಳೆತ್ತರದ ಗೋಡೆ. ಬೆಳಗಾದರೆ ಅವಳು ಗೋಡೆಯಾಚೆಗೆ ಕೂಗುವಳು:

“ಏ ಮುದುಕಾ, ಇನ್ನೂ ಸತ್ತಿಲ್ವಾ?”

“ನಿನ್ನ ತಿಥಿ ಊಟ ಉಂಡೇ ಹೋಗೋದು ಕಣೇ!”

ನಾವೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದೆವು. ಅವನ ಉತ್ತರ ಬಂದ ಮೇಲೇ ಅವಳು ಗಂಜಿಗೆ ಕೂರುತ್ತಿದ್ದಳು.

ಯುಗಾದಿ ಕಳೆದ ಒಂದು ಬೆಳಗ್ಗೆ ಅವಳು ಕೂಗಿದಳು. ಮತ್ತೆ ಕೂಗಿದಳು. ಆ ಎರಡನೆಯ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ. ಗೋಡೆಯಾಚೆಯಿಂದ ಕೆಮ್ಮೂ ಬರಲಿಲ್ಲ.

ಮುದುಕನಿಗೆ ಚಟ್ಟ ಕಟ್ಟುವಾಗ ಅವಳು ಪಾರುಪತ್ತೇದಾರರ ಮುಂದೆ ಬರಿಗೈ ಚಾಚಿದಳು.

“ಎರಡು ಗಾಜಿನ ಬಳೆ ಕೊಡಿಸಿ ಬುದ್ಧೀ.”

“ಗಂಡ ಸತ್ತೋಳಿಗೆ ಬಳೆ ಯಾಕಮ್ಮಾ?”

“ಒಡ್ಕೊಳ್ಳಾಕೆ,” ಎಂದವಳು, ಹಾಗೆಯೇ ಹೆಣದ ಹಿಂದೆ ಛತ್ರ ಬಿಟ್ಟು ನಡೆದಳು.