ಸೂಜಿಗೆ ಟೀಕಾ

ಕೇಳಿರಿ! ನಿಜಾಮರ ಸರ್ಕಾರ ತಂದ ಪ್ಲೇಗಿನ ಸೂಜಿಯನ್ನು ಬರೀ ಮಾತಿನಿಂದ ಕುಷ್ಟಗಿ ದಾಟಿಸಿ ಓಡಿಸಬಲ್ಲ ಗಂಡು ಒಬ್ಬನೇ. ಅದು ನಾನು. ಟೆಂಟಿನಲ್ಲಿ ಟಾಕಿ ಸಿನಿಮಾ ನೋಡಿ ನೋಡಿ ನನ್ನ ನಾಲಿಗೆ ಕತ್ತಿಯಾಗಿತ್ತು.

ಓಣಿಯಲ್ಲಿ ಇಲಿಗಳು ಸತ್ತು ಬೀಳತೊಡಗಿದ್ದವು. ಹಿಂದಿನ ಮನೆಯಿಂದ ಹೆಣವೂ ಹೋಯಿತು. ಎಣ್ಣೆ ಅಂಗಡಿಯ ಕರಿಬಸಪ್ಪನದು ಮಾತ್ರ ಒಂದೇ ಹಟ: ಸೂಜಿ ಚುಚ್ಚಿಸಿಕೊಂಡವನ ಮೀಸೆ ಉದುರುತ್ತದೆ. ಗಂಡ ಉಳಿದರೆ ಸಾಕೆಂದು ಬಸವಣ್ಣೆಮ್ಮ ಅತ್ತಳು, ಊಟ ಬಿಟ್ಟಳು. ಆತ ಬಗ್ಗಲಿಲ್ಲ.

ಒಂದು ಬೆಳಿಗ್ಗೆ ಆಕೆಯೇ ಸೋತಳು.

"ನಿಮ್ಮ ಮಾತಽ ಖರೆ ಇರಬೇಕು ಬಿಡ್ರಿ. ನಾಳೆ ಚಾವಡ್ಯಾಗ ಸೂಜಿದು ಟೀಕಾ ಐತಂತ. ಡಾಕ್ಟರ್ ಸಾಹೇಬ್ರಽ ಕರದಾರ."

"ಟೀಕಾ? ಅವ್ರ ಎದುರಿಗೇನಽ ಸೂಜೀನ ಬೈಯೋದು?"

"ಗುಂಡಿಗಿ ಇದ್ದಾವ್ರು ಬರ್ಲಿ ಅಂದಾರಂತ."

ಕರಿಬಸಪ್ಪ ಭಾಷಣ ಬರೆಸಿಕೊಳ್ಳಲು ನೆಟ್ಟಗೆ ನನ್ನ ಬಳಿ ಬಂದ. ಬರೆದುಕೊಟ್ಟೆ: 'ಎಲವೋ ಸೂಜಿಯೇ! ಬೆರಳುದ್ದದ ನೀನು ಗಂಡುಗಲಿಗೆ ಸವಾಲು ಹಾಕುವೆಯಾ?' ಆತ ಅದನ್ನು ಎಣ್ಣೆ ಡಬ್ಬಿಗಳ ಮುಂದೆ ಗರ್ಜಿಸಿ ಗರ್ಜಿಸಿ ಬಾಯಿಪಾಠ ಮಾಡಿದ.

ಹೊರಡುವಾಗ ಬಸವಣ್ಣೆಮ್ಮ ಸಡಿಲ ತೋಳಿನ ಅಂಗಿ ಕೊಟ್ಟಳು. "ತೋಳೇರಿಸಿ ನಿಂತ್ರ ಹುಲಿ ಹಂಗ ಕಾಣ್ತೀರಿ."

ಚಾವಡಿಯಲ್ಲಿ ಕಂಪೌಂಡರ್ ಶಫೀಸಾಬ ಎದ್ದು ನಿಂತ.

"ಟೀಕಾಕ್ಕ ಬಂದೀರೇನ್ರಿ ಸಾವ್ಕಾರ್ರ?"

"ಮತ್ತ್ಯಾತಕ? ಅಂಜಾಂವಲ್ಲ ನಾನು!"

"ಶಾಬಾಸ್! ತೋಳೇರಿಸ್ರಿ."

ಏರಿಸಿದ. ಕಣ್ಣು ಮುಚ್ಚಿ, ಎದೆಯುಬ್ಬಿಸಿ ಗುಡುಗಿದ: "ಎಲವೋ ಸೂ..."

"ಆತ್ರಿ," ಎಂದ ಶಫೀಸಾಬ, ಹತ್ತಿ ಒತ್ತುತ್ತ. "ಟೀಕಾ ಮುಗೀತು."

ಕರಿಬಸಪ್ಪ ತೋಳು ನೋಡಿದ. ಜೊತೆಗೆ ಬಂದಿದ್ದ ಹೆಂಡತಿಯನ್ನು ನೋಡಿದ.

"ಉರ್ದುದಾಗ ಸೂಜಿ ಹಾಕೋದಕ್ಕಽ ಟೀಕಾ ಅಂತಾರಂತ್ರಿ," ಎಂದಳು ಆಕೆ, ಸೆರಗಿನಿಂದ ಕಣ್ಣೊರೆಸುತ್ತ. "ಬಾಜು ಮನಿ ಹಜರತಬೀ ಹೇಳಿದ್ಲು."

ಸುತ್ತ ಜನ ನೆರೆದಿದ್ದರು. ಕರಿಬಸಪ್ಪ ಮೆಲ್ಲಗೆ ಮೀಸೆ ಎಳೆದು ನೋಡಿದ. ಗಟ್ಟಿಯಾಗಿತ್ತು.

"ಭಾಳ ಛಲೋ ಸೂಜಿ!" ಎಂದು ಕೂಗಿದ. "ನಾನಽ ಬೇಡಿ ಹಾಕಿಸ್ಕೊಂಡೀನಿ! ಏನೀಗ?"

ಇನ್ನು ನಿಜ ಹೇಳಿಬಿಡುತ್ತೇನೆ. ಅವನಿಗೆ ಕೊಟ್ಟದ್ದಕ್ಕಿಂತ ಉದ್ದದ ಭಾಷಣ ಬಾಯಿಪಾಠ ಮಾಡಿಕೊಂಡು, ಅವನ ಬೆನ್ನಿಗೇ ತೋಳೇರಿಸಿ ನಿಂತಿದ್ದ ಎರಡನೆಯ ಟೀಕಾಕಾರ ನಾನೇ. ಓಡಲು ತಿರುಗಿದೆ. ಬಾಗಿಲಿಗೆ ಅಡ್ಡ ನನ್ನ ಅವ್ವ ನಿಂತಿದ್ದಳು.

"ಹೂಂ, ಶುರು ಮಾಡಪಾ ನಿನ್ನ ಭಾಷಣ."