ಜೋಡಿ ಡಬ್ಬಿ

ಕಡಲನಾಡಿನ ಸೆರೆಶಿಬಿರದಲ್ಲಿ ಬಯಲುನಾಡಿನ ಹವಾಲ್ದಾರ ಓಬಯ್ಯ ನಾಲ್ಕನೇ ದಿನವೂ ಊಟದ ಡಬ್ಬಿಯ ಮುಚ್ಚಳಕ್ಕೆ ಉಗುರು ಹಾಕಿ ಎಳೆದ. ಜಪ್ಪಯ್ಯ ಅಂದರೂ ಅದು ತೆರೆಯಲಿಲ್ಲ.

ಯುದ್ಧ ಶುರುವಾದ ವರ್ಷವೇ ಎರಡೂ ಕಡೆಯವರು ಕೂತು ಮಾಡಿಕೊಂಡ ಏರ್ಪಾಡು ಅದು. ಇಲ್ಲಿಯ ಪ್ರತಿ ಕೈದಿಗೂ ಬಯಲುನಾಡಿನ ಶಿಬಿರದಲ್ಲಿ ಸೆರೆಯಿರುವ ಕಡಲನಾಡಿನವನೊಬ್ಬ ಜೋಡಿ. ಅವನು ಒಂದು ಹೊತ್ತು ಉಂಡರೆ ಇವನ ಡಬ್ಬಿ ತೆರೆಯುತ್ತದೆ, ಇವನು ಉಂಡರೆ ಅವನದು. ಯಾರೂ ಯಾರ ಕೈದಿಯನ್ನೂ ಉಪವಾಸ ಕೆಡವಬಾರದಲ್ಲ!

"ನನ್ನ ಜೋಡಿ ಯಾಕೆ ಉಣ್ತಿಲ್ಲ? ಸತ್ತುಹೋದ್ನಾ?" ಗಾಜಿನಾಚೆ ನಿಂತಿದ್ದ ಕಾವಲಿನ ದೂಮಣ್ಣನನ್ನು ಓಬಯ್ಯ ಕೇಳಿದ.

"ಸಾಯ್ಲಿಲ್ಲ ಮಾರಾಯ್ರೆ. ಅವನ ಡಬ್ಬಿಯೂ ಓಪನ್ ಆಗುದಿಲ್ಲ. ಸೋಮವಾರ ನೀವು ಉಣ್ಲಿಲ್ಲ ಅಲ್ವಾ?"

ಓಬಯ್ಯನಿಗೆ ಸೋಮವಾರ ನೆನಪಾಯಿತು. ಆರು ತಿಂಗಳು ಬರೀ ಕುಚ್ಚಲಕ್ಕಿ ಗಂಜಿ ಕುಡಿದು ರೋಸಿ, ಮುದ್ದೆ ಕೊಡದಿದ್ದರೆ ನಿಮ್ಮ ಗಂಜಿ ನೀವೇ ಕುಡೀರಿ ಎಂದು ಅವತ್ತು ಡಬ್ಬಿಯನ್ನು ಬಚ್ಚಲಿಗೆ ಸುರಿದಿದ್ದ. ಒಂದೇ ಒಂದು ಹೊತ್ತು.

"ತಪ್ಪಾಯ್ತು ಕಣಣ್ಣ. ಗಂಜಿನೇ ಕುಡೀತೀನಿ, ತೆಗಿ ಇದನ್ನ."

"ನನ್ನ ಕೈಯಲ್ಲಿ ಎಂತ ಉಂಟು? ಮೊದ್ಲು ಅವ ಉಣ್ಬೇಕು."

"ಅಲ್ಲಿ ಅವನಿಗೇನು ಹೇಳ್ತಾರೆ?"

ದೂಮಣ್ಣ ನೆಲ ನೋಡಿದ. "ಮೊದ್ಲು ನೀವು ಉಣ್ಬೇಕು ಅಂತ."

ಓಬಯ್ಯ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಚ್ಚಳದ ಸಂದಿಗೆ ಮೂಗು ಒತ್ತಿದ. ಒಳಗಿನಿಂದ ಬಂದದ್ದು ಗಂಜಿಯ ವಾಸನೆಯಲ್ಲ.

"ಅಡುಗೆಯವರಿಗೆ ಹೇಳಿ ಇವತ್ತು ಮುದ್ದೆ ಮಾಡಿಸಿದ್ದೆ," ಎಂದ ದೂಮಣ್ಣ.