ತಿದ್ದಲಾಗದ ಪಟ್ಟಿ

ಎಲ್ಲರಿಗೂ ಉಚಿತವಾಗಿ ಸಿಗುವ ಆಫೀಸ್ ತಂತ್ರಾಂಶವನ್ನು ಹಳೆಯ ಡೇಟಾಬೇಸ್‌ಗೆ ಜೋಡಿಸುವ ಸಣ್ಣ ಪ್ರೋಗ್ರಾಂ, ‘ಡ್ರೈವರ್’ ಅದು. ಅದನ್ನು ಬರೆದವರು ಕೈಬಿಟ್ಟು ಹನ್ನೊಂದು ವರ್ಷವಾಗಿತ್ತು. ಅದು ಕೆಟ್ಟಿದ್ದರಿಂದ ಒಂದು ಆಸ್ಪತ್ರೆಯ ರಕ್ತದಾನಿಗಳ ಪಟ್ಟಿ ಪರದೆಯ ಮೇಲೆ ಕಾಣುತ್ತಿತ್ತು, ತಿದ್ದಲು ಬರುತ್ತಿರಲಿಲ್ಲ. ಅಲ್ಲಿ ಆ ಪಟ್ಟಿ ನೋಡಿಕೊಳ್ಳುವ ಗುರುಪಾದಪ್ಪನವರು ವಾರಕ್ಕೊಮ್ಮೆ ನನಗೆ ಫೋನ್ ಮಾಡಿ ಕಾಡುತ್ತಿದ್ದರು. ನನಗಿದು ಸಂಬಳವಿಲ್ಲದ ಕೆಲಸ. ಡ್ರೈವರ್ ಸರಿಪಡಿಸಲು ನನಗೆ ಮೂರು ತಿಂಗಳು ಹಿಡಿಯಿತು.

“ಈಗ ತಿದ್ದೋಕೆ ಆಗುತ್ತಾ ಸರ್?” ಎಂದು ಅವರಿಗೆ ಫೋನ್ ಮಾಡಿ ಕೇಳಿದೆ.

“ಆತ್ರಿ ಮೇಡಂ. ತಿದ್ದಿದೆ.”

“ಹೊಸ ದಾನಿಗಳನ್ನ ಎಷ್ಟು ಜನ ಸೇರಿಸಿದ್ರಿ?”

“ಯಾರನ್ನೂ ಸೇರಿಸಿಲ್ರಿ. ಒಂದು ಹೆಸರು ತಗದೆ.”

“ಒಂದು ಹೆಸರಿಗೆ ಮೂರು ತಿಂಗಳು ನನ್ನ ಕಾಡಿದ್ರಾ?”

“ಅದು ನಮ್ಮ ಮನಿಯಾಕಿ ಹೆಸರ್ರಿ. ತೀರಿಕೊಂಡು ಎರಡು ವರ್ಷಾತು. ಹೊಸ ನರ್ಸ್ ಬಂದಾಗೆಲ್ಲ ಪಟ್ಟಿ ನೋಡಿ ರಕ್ತ ಕೇಳಾಕ ಮನಿಗೆ ಫೋನ್ ಬರ್ತಿತ್ರಿ, ಅಕ್ಕಾರು ಮನ್ಯಾಗ ಅದಾರೇನು ಅಂತ.”